ಮುತ್ತುಗ ಹೂ ಬಿಟ್ಟಿದೆ

ಸಾವನದುರ್ಗದ ಕಡೆ ಮುತ್ತುಗ ಹೂ ಬಿಟ್ಟಿದೆ. ಕ್ಯಾಮೆರಾ ಇರೋರು ಈ ವಾರವೇ ಹೋಗಿಬನ್ನಿ, ಯುಗಾದಿವರೆಗೂ ಕಾಯಬೇಡಿ.

ಮರದ ಮೇಲೆ ಒಂದೆಲೆ ಇಲ್ಲ, ರೆಂಬೆ ತುಂಬ ಕೇಸರಿ. ಮೊಗ್ಗಿನ ತೊಟ್ಟು ಕಪ್ಪಗೆ, ಮುಟ್ಟಿದರೆ ನುಣ್ಣನೆ ರೋಮ. ಹೂವಿನ ಬಾಗಿದ ಎಸಳು ಥೇಟ್ ಗಿಣಿ ಕೊಕ್ಕು. ಈ ಬಣ್ಣ ಕ್ಯಾಮೆರಾಗೆ ಸುಲಭಕ್ಕೆ ದಕ್ಕಲ್ಲ. ಬಿಸಿಲೇರಿದರೆ ಎಸಳಿನ ಗೆರೆಯೆಲ್ಲ ಅಳಿಸಿ ಬರೀ ಕೆಂಪು ಉಳಿಯುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿಕೊಳ್ಳಿ, ಅಂದ್ರೆ ಕ್ಯಾಮೆರಾ ಒಳಗೆ ಹೋಗೋ ಬೆಳಕು ಅರ್ಧ ಆಗಲಿ. ಸೂರಕ್ಕಿ, ಕಾಜಾಣ, ಮೈನಾ ಎಲ್ಲ ಮಕರಂದಕ್ಕೆ ಮುಗಿಬಿದ್ದಿದ್ದವು. ಒಳ್ಳೆ ಫೋಟೋ ಸಿಕ್ಕಿದ್ದು ಮಾತ್ರ ಅಳಿಲಿನದು: ಹೂವೊಳಗೆ ಮೂತಿ ತೂರಿಸಿ, ಮೀಸೆಗೆಲ್ಲ ಪರಾಗ ಮೆತ್ತಿಕೊಂಡು ಕೂತಿತ್ತು. ಪರಾಗ ದಾಟಿಸೋ ಕೆಲಸದಲ್ಲಿ ಅದಕ್ಕೂ ಪಾಲಿದೆ, ಹಕ್ಕಿಗಳಿಗಷ್ಟೇ ಅಲ್ಲ.

ಕುರಿ ಮೇಯಿಸುತ್ತಿದ್ದ ಅಜ್ಜ "ಎಲೆ ಇನ್ನೂ ಬಂದಿಲ್ವಲ್ಲಪ್ಪಾ, ಈಗ್ಲೇ ಯಾಕ್ ಬಂದೆ?" ಅಂದರು. ಅವರ ಲೆಕ್ಕದಲ್ಲಿ ಮುತ್ತುಗ ಅಂದ್ರೆ ಊಟದೆಲೆ. ನಮ್ಮಜ್ಜಿ ಮನೆಯಲ್ಲೂ ಕಡ್ಡಿ ಚುಚ್ಚಿ ಹಚ್ಚಿದ ಎಲೆ ಕಟ್ಟುಗಟ್ಟಲೆ ಇರುತ್ತಿತ್ತು. ಹೂವನ್ನು ಯಾರಾದರೂ ತಲೆಯೆತ್ತಿ ನೋಡಿದ್ದು ನೆನಪಿಲ್ಲ. ನಮಗೀಗ ಕಾಣೋದು ಹೂವೊಂದೇ. ಅಜ್ಜನಿಗೆ ಫೋಟೋ ತೋರಿಸಿದೆ. ಅಳಿಲು ಚೆನ್ನಾಗಿದೆ ಅಂದರು, ಹೂವಿನ ಬಗ್ಗೆ ಮಾತೇ ಇಲ್ಲ.