ಲಿವರ್ ಕೊನೆಗೂ ನಿಂತಿತು

ಸಕಲೇಶಪುರ ಕಡೆಯ ಹೈಸ್ಕೂಲಿನಿಂದ ರಿಪೇರಿಗೆ ತಂದಿದ್ದ ಟಾರ್ಸೋದ (ಅಂಗಗಳನ್ನು ಬಿಚ್ಚಿ ಜೋಡಿಸಬಹುದಾದ ಮನುಷ್ಯನ ಮುಂಡದ ಮಾದರಿ) ಲಿವರ್, ಅಂದ್ರೆ ಪಿತ್ತಜನಕಾಂಗ, ಈಗ ಬೀಳುತ್ತಿಲ್ಲ! ತಲೆಕೆಳಗು ಹಿಡಿದು ಅಲ್ಲಾಡಿಸಿದೆ, ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ತೊಳೆದದ್ದು, ಬಣ್ಣ ತಿದ್ದಿದ್ದು, ಕರುಳಿನ ಬಿರುಕು ಮುಚ್ಚಿದ್ದು ಎಲ್ಲ ಮಾಮೂಲಿ ಕೆಲಸ, ಅದನ್ನು ಬಿಡುತ್ತೇನೆ.

ಇದು 85 ಸೆಂ.ಮೀ.ನ ಪಿವಿಸಿ ಟಾರ್ಸೋ. ಲಿವರ್ ಹಿಂದೆ ನಟ್ಟನಡುವೆ ಒಂದು ಗೂಟ, ಮೈಯಲ್ಲಿ ಅದಕ್ಕೊಂದು ತೂತು. ವರ್ಷಗಟ್ಟಲೆ ಮಕ್ಕಳು ಕಿತ್ತು ಕೂರಿಸಿ ತೂತು ದೊಡ್ಡದಾಗಿದೆ. ಲಿವರ್ ಜಾರಿದರೆ ಜಠರವನ್ನೂ ಎಳೆದುಕೊಂಡೇ ಬೀಳುತ್ತದೆ, ಪಾಠ ಅಲ್ಲಿಗೆ ಮುಗೀತು. ಸಪ್ಲೈಯರ್‌ಗೆ ಫೋನ್ ಮಾಡಿದರೆ ‘ಬಿಡಿ ಭಾಗ ಕೊಡಲ್ಲ, ಪೂರ್ತಿ ಸೆಟ್ ತಗೊಳ್ಳಿ’ ಅಂದರು. ಕಾಡಿ ಬೇಡಿ ತರಿಸಿದ ಲಿವರ್ ಬೇರೆ ಅಳತೆಯದು, ಪಕ್ಕೆಲುಬಿಗೆ ತಾಗಿ ಎದೆಯ ಮುಚ್ಚಳವೇ ಕೂರುವುದಿಲ್ಲ. ವಾಪಸ್ ತಗೊಳ್ಳೋದೂ ಇಲ್ವಂತೆ. ಸರ್ಕಾರಿ ಶಾಲೆ ಎರಡೆರಡು ಸಲ ದುಡ್ಡು ಎಲ್ಲಿಂದ ತರಬೇಕು?

ತೂತಿಗೆ ಎಪಾಕ್ಸಿ ಪುಟ್ಟಿ ತುಂಬಿದರೆ ಸ್ವಲ್ಪ ದಿನಕ್ಕೆ ಉಂಡೆಯಾಗಿ ಕಳಚಿ ಬರುತ್ತದೆ. ಮೆದು ಪಿವಿಸಿಯಿಂದ ಪ್ಲಾಸ್ಟಿಸೈಜರ್ (ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ವಸ್ತು) ಜಿನುಗುತ್ತಲೇ ಇರುತ್ತಲ್ವಾ, ಅಂಟು ಎಲ್ಲಿ ಹಿಡಿಯುತ್ತೆ? ಕಬ್ಬಿಣದ ಸ್ಕ್ರೂ ಹಾಕಿದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು.

ದಾರಿ ಸಿಕ್ಕಿದ್ದು ನಿಜವಾದ ಲಿವರ್‌ನಿಂದ. ದೊಡ್ಡವರಲ್ಲಿ ಅದು ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಮೇಲೆ, ಹಿಂಭಾಗದಲ್ಲಿ ಒಂದಿಷ್ಟು ಜಾಗ ನೇರವಾಗಿ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಅಂಟಿಕೊಂಡಿದೆ. ಅಲ್ಲೇ ಪಕ್ಕದಲ್ಲಿ ಲಿವರ್‌ನಿಂದ ರಕ್ತ ಒಯ್ಯುವ ಹೆಪಾಟಿಕ್ ಸಿರೆಗಳು ಇನ್ಫೀರಿಯರ್ ವೀನಾ ಕಾವಾಗೆ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಸಿರೆ) ಸೇರುತ್ತವೆ. ಅಷ್ಟು ಭಾರ ಮುಖ್ಯವಾಗಿ ಅಲ್ಲಿಂದಲೇ ಜೋತುಬಿದ್ದಿದೆ, ಕೆಳಗಿನಿಂದ ಹೊಟ್ಟೆಯ ಒತ್ತಡದ ಆಸರೆಯೂ ಇದೆ. ಹಾಗಿದ್ದ ಮೇಲೆ ಮಾದರಿಯ ಲಿವರನ್ನೂ ಅಲ್ಲೇ ಯಾಕೆ ಹಿಡಿಯಬಾರದು?

ಗೂಟ ಕತ್ತರಿಸಿ ಬಿಸಾಕಿದೆ. ವಪೆಗೆ ಅಂಟುವ ಆ ಜಾಗದಲ್ಲಿ 10 ಮಿ.ಮೀ.ನ ಎರಡು ನಿಯೋಡಿಮಿಯಂ ಮ್ಯಾಗ್ನೆಟ್, ಎದುರಿಗೆ ಮೈಯಲ್ಲಿ ಎರಡು. ಗುಂಡಿಯನ್ನು ಬಾಯಿ ಕಿರಿದು, ಒಳಗೆ ಅಗಲ ಇರುವಂತೆ ಕೊರೆದೆ, ಎಪಾಕ್ಸಿ ಅಂಟದಿದ್ದರೂ ಒಳಗೇ ಸಿಕ್ಕಿಕೊಳ್ಳುತ್ತದೆ. ಲಿವರ್‌ನ ಒಂದು ಮ್ಯಾಗ್ನೆಟ್ಟಿನ ಉತ್ತರ ಧ್ರುವ ಹೊರಗೆ, ಇನ್ನೊಂದರ ದಕ್ಷಿಣ ಹೊರಗೆ. ಈಗ ತಿರುಗಿಸಿ ಇಟ್ಟರೆ ಅದೇ ದೂರ ತಳ್ಳುತ್ತದೆ, ಸರಿಯಾಗಿ ಇಟ್ಟರೆ ಟಕ್ ಅಂತ ಕೂರುತ್ತದೆ. ಮ್ಯಾಗ್ನೆಟ್ ಮೇಲೆ ಎಪಾಕ್ಸಿ ಪದರ ಮಾತ್ರ ಬೇಕೇ ಬೇಕು. ಮಕ್ಕಳು ಎರಡು ನುಂಗಿದರೆ ನಡುವೆ ಕರುಳು ಸಿಕ್ಕಿ ತೂತಾಗಬಹುದು, ಇದರಲ್ಲಿ ಯಾರೂ ಉಡಾಫೆ ಮಾಡಬೇಡಿ.

ಇನ್ನೊಂದು ಲಾಭ: ‘ಇದು ಯಾಕೆ ಬೀಳಲ್ಲ?’ ಅಂತ ಮಕ್ಕಳು ಕೇಳಿದರೆ, ಟೀಚರ್ ಅದೇ ಜಾಗ ತೋರಿಸಿ ವಪೆಯ ಪಾಠ ಶುರು ಮಾಡಬಹುದು.

ಮುಂದೆ ಹಸುವಿನ ಹೊಟ್ಟೆ ಮಾಡಬೇಕು ಅಂತಿದೆ. ನಮ್ಮ ಹಾಸನದ ಕಡೆ ಎಷ್ಟೋ ಮಕ್ಕಳ ಮನೆಯಲ್ಲಿ ಹಸು ಇದೆ, ಅದು ಮೆಲುಕು ಹಾಕೋದನ್ನು ದಿನಾ ನೋಡುತ್ತಾರೆ. ಆದ್ರೆ ಅದರ ಜಠರದ ನಾಲ್ಕು ಕೋಣೆ, ಅಂದ್ರೆ ರೂಮೆನ್, ರೆಟಿಕ್ಯುಲಮ್, ಒಮೇಸಮ್, ಅಬೋಮೇಸಮ್ ನಾಲ್ಕನ್ನೂ ಬಿಚ್ಚಿ ಜೋಡಿಸೋ ಮಾದರಿ ಯಾವ ಶಾಲೆಯಲ್ಲೂ ನಾನು ನೋಡಿಲ್ಲ. ರೂಮೆನ್ ಒಂದೇ ಹೊಟ್ಟೆಯ ಎಡಭಾಗವನ್ನೆಲ್ಲ ಹೆಚ್ಚುಕಮ್ಮಿ ತುಂಬಿಬಿಡುತ್ತದೆ, ಪಿವಿಸಿಯಲ್ಲಿ ಮಾಡಿದರೆ ಭಾರ ಜಾಸ್ತಿ. ಗಟ್ಟಿ ಫೋಮ್ ಕೆತ್ತಿ ಮೇಲೆ ಪೇಪರ್ ಮೆತ್ತುವ ಯೋಚನೆ ಇದೆ. ಹಾಸನದಲ್ಲಿ ಒಳ್ಳೆ ಫೋಮ್ ತುಂಡು ತುಂಡಾಗಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.