ವರ್ಷಪೂರ್ತಿ ಬಸ್ಸು ಓಡುವ ಕೆರೆ

ಹೋದ ತಿಂಗಳು ಒಂದು ಶನಿವಾರ, ಪಕ್ಕದ ಮನೆಯ ತಾತ ನಮ್ಮ ಅಡುಗೆಮನೆಯಲ್ಲಿ ಕೂತು ಫಿಲ್ಟರ್ ಕಾಫಿ ಕುಡಿಯುತ್ತಿದ್ದರು. ತಾತ ಅನ್ನೋದು ನನ್ನ ಮಗಳು ಇಟ್ಟ ಹೆಸರು. ಎಂಬತ್ತು ದಾಟಿದ ಆ ಬಿಳಿಯ ಮನುಷ್ಯರಿಗೆ ಆ ಪದದ ಅರ್ಥ ಗೊತ್ತಾದ ಮೇಲೆ ಬೇರೆ ಯಾವ ಹೆಸರಿಂದ ಕರೆದರೂ ಅವಳ ಕಡೆ ತಿರುಗೋದೇ ಇಲ್ಲ. ಅವತ್ತು ಬೆಳಿಗ್ಗೆಯಷ್ಟೇ ಕೆರೆ ಮೇಲಿನ ರಸ್ತೆ ಮುಚ್ಚಿದ್ದರು. ತಾತನಿಗೆ ಅದೇ ಬೇಜಾರು.

"ಹೆಪ್ಪುಗಟ್ಟಿದ ನೀರಿನ ಮೇಲೆ ಕಾರು ಓಡಿಸೋ ಊರು ಇನ್ನೆಲ್ಲಾದರೂ ನೋಡಿದ್ದೀಯಾ ನೀನು?" ಅಂತ ಮಗಳನ್ನು ಕೇಳಿದರು.

ಅವಳು ದೋಸೆ ಬಾಯಲ್ಲಿಟ್ಟುಕೊಂಡೇ, "ಇದೇನು ಮಹಾ! ಬೆಂಗಳೂರಲ್ಲಿ ಕೆರೆ ಮೇಲೆ ಬಸ್ಸೇ ಓಡುತ್ತೆ. ಡಬಲ್ ಬಾಗಿಲಿನ ದೊಡ್ಡ ಬಸ್ಸು. ವರ್ಷಪೂರ್ತಿ," ಅಂದಳು.

ತಾತ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ನಿಮ್ಮ ಕಡೆ ಅಷ್ಟೊಂದು ಚಳಿ ಅಂತ ನನಗೆ ಗೊತ್ತೇ ಇರಲಿಲ್ಲ."

ನಾನು ನಕ್ಕೆ. ನಗು ಮುಗಿಯುವಷ್ಟರಲ್ಲಿ, ಈಗ ಇವರಿಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡನ್ನು ಹೇಗಪ್ಪಾ ವಿವರಿಸೋದು ಅಂತ ಹೊಳೆಯದೆ ಸ್ಟವ್ ಕಡೆ ತಿರುಗಿಕೊಂಡೆ.

ನಾವಿರೋದು ವಿಸ್ಕಾನ್ಸಿನ್ ರಾಜ್ಯದ ಉತ್ತರದ ತುದಿಯ ಬೇಫೀಲ್ಡ್‌ನಲ್ಲಿ, ಲೇಕ್ ಸುಪೀರಿಯರ್ ದಡದಲ್ಲಿ. ಊರಿನಲ್ಲಿ ಆರುನೂರು ಜನವೂ ಇಲ್ಲ. ಬನಶಂಕರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರಬಹುದು. ಕೆರೆ ಅಂತ ನಾನು ಅಭ್ಯಾಸಬಲದಿಂದ ಕರೆಯೋದು, ಅಷ್ಟೆ. ಅದರ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರು, ಅಂದರೆ ಅರ್ಧ ಕರ್ನಾಟಕಕ್ಕೆ ತುಸು ಕಡಿಮೆ. ಅಪ್ಪ ಒಮ್ಮೆ ವಿಡಿಯೋ ಕಾಲ್‌ನಲ್ಲಿ ನೋಡಿ, "ಇದನ್ನ ಕೆರೆ ಅಂತೀಯಲ್ಲೇ, ಆಚೆ ದಡ ಎಲ್ಲಿ?" ಅಂತ ಕೇಳಿದ್ದರು. ಆಚೆ ದಡ ಕೆನಡಾದಲ್ಲಿದೆ ಅಂದಾಗ ಸುಮ್ಮನಾದರು.

ನಮ್ಮೂರಿನ ಎದುರಿಗೇ ಮ್ಯಾಡಲಿನ್ ಅನ್ನೋ ದ್ವೀಪ. ನಡುವೆ ನಾಲ್ಕು ಕಿಲೋಮೀಟರಿನಷ್ಟು ನೀರು. ಬೇಸಿಗೆಯಲ್ಲಿ ದೋಣಿ, ಅಂದರೆ ಕಾರುಗಳನ್ನೂ ಹತ್ತಿಸಿಕೊಳ್ಳೋ ಫೆರ್ರಿ. ಡಿಸೆಂಬರ್ ಜನವರಿಯಲ್ಲಿ ನೀರು ಹೆಪ್ಪುಗಟ್ಟತೊಡಗುತ್ತೆ. ದೋಣಿ ನಿಲ್ಲುತ್ತೆ, ಆದರೆ ಕಾರಿನ ಭಾರ ತಡೆಯೋಷ್ಟು ಮಂಜು ಇನ್ನೂ ಆಗಿರೋದಿಲ್ಲ. ಆ ಎಡೆಯಲ್ಲಿ, ಬೆನ್ನಿಗೆ ದೊಡ್ಡ ಫ್ಯಾನು ಕಟ್ಟಿದ ಜಾರುಬಂಡಿಯೊಂದು ಓಡುತ್ತೆ, ವಿಂಡ್‌ಸ್ಲೆಡ್ ಅಂತಾರೆ. ದ್ವೀಪದಲ್ಲಿ ಚಿಕ್ಕ ಮಕ್ಕಳಿಗಷ್ಟೇ ಸ್ಕೂಲಿದೆ. ದೊಡ್ಡ ಮಕ್ಕಳು ಬ್ಯಾಗು ನೇತುಹಾಕಿಕೊಂಡು ಅದರಲ್ಲೇ ಈಚೆ ದಡದ ಸ್ಕೂಲಿಗೆ ಬರುತ್ತವೆ. ಅದರ ಸದ್ದಿಗೆ ಬೆಳಗಿನ ಅಲಾರಂ ಬೇಕಾಗಿಲ್ಲ.

ಆಮೇಲೆ ರಸ್ತೆ. ಹಬ್ಬ ಮುಗಿದ ಮೇಲೆ ಮನೆಮನೆಯ ಕ್ರಿಸ್‌ಮಸ್ ಮರಗಳನ್ನು ಬಿಸಾಡದೆ ತಂದು ಮಂಜಿನಲ್ಲಿ ಸಾಲಾಗಿ ನೆಡುತ್ತಾರೆ. ಹಿಮ ಸುರಿದು ಎಲ್ಲಾ ಬೆಳ್ಳಗಾದಾಗ ದಾರಿ ತಪ್ಪದಿರಲಿ ಅಂತ. ಮೊದಲ ವರ್ಷ ನಾನು ಕಾರಿನಲ್ಲಿ ಆ ರಸ್ತೆ ದಾಟಿದ್ದು ತಾತನ ಜೊತೆ. ಕಿಟಕಿ ಇಳಿಸು ಅಂದರು, ಸೀಟ್ ಬೆಲ್ಟ್ ಬಿಚ್ಚು ಅಂದರು. ಮುಳುಗಿದರೆ ಹೊರಗೆ ಬರೋಕೆ ಅನುಕೂಲವಂತೆ! ಮೈನಸ್ ಇಪ್ಪತ್ತರ ಗಾಳಿ ಮುಖಕ್ಕೆ ಹೊಡೀತಿತ್ತು. ಜೋರಾಗಿ ಓಡಿಸಬಾರದು ಯಾಕೆ ಅಂತ ಅವರು ಹೇಳಿದ್ದು ಇನ್ನೂ ನೆನಪಿದೆ: ಕಾರಿನ ಭಾರಕ್ಕೆ ಮಂಜಿನ ಕೆಳಗಿನ ನೀರಿನಲ್ಲಿ ಒಂದು ಅಲೆ ಏಳುತ್ತೆ. ವೇಗ ಹೆಚ್ಚಾದರೆ ಆ ಅಲೆ ದಡದ ಹತ್ತಿರ ಮಂಜನ್ನು ಕೆಳಗಿನಿಂದಲೇ ಒಡೆದುಬಿಡುತ್ತೆ. ಇಪ್ಪತ್ತೈದು ನಿಮಿಷ ನಾನು ಉಸಿರಾಡಿದ್ದೇನೋ ಇಲ್ಲವೋ. ರಾಘವೇಂದ್ರ ಸ್ವಾಮಿಗಳನ್ನು ಮಾತ್ರ ಬಿಡದೆ ಕರೆಯುತ್ತಿದ್ದೆ.

ಇಂಥ ಊರಿನಲ್ಲಿ ಇರೋರಿಗೆ ಕೆರೆಯೇ ಕ್ಯಾಲೆಂಡರು. ಅಂಗಡಿಯಲ್ಲಿ, ಪೋಸ್ಟಾಫೀಸಿನಲ್ಲಿ, ಮಕ್ಕಳನ್ನು ಬಿಡೋಕೆ ಹೋದಲ್ಲಿ, ಎಲ್ಲರದ್ದೂ ಒಂದೇ ಮಾತು: ಎಷ್ಟು ಇಂಚು ಕಟ್ಟಿತು, ಎಲ್ಲಿ ಬಿರುಕು ಬಿಟ್ಟಿತು, ದೋಣಿ ಯಾವಾಗ. 2024ರ ಚಳಿಗಾಲದಲ್ಲಿ ರಸ್ತೆ ಆಗಲೇ ಇಲ್ಲ, ಸೆಖೆ. ಆ ವರ್ಷ ತಾತ ಬೆಳಿಗ್ಗೆ ಬೆಳಿಗ್ಗೆ ದಡಕ್ಕೆ ಹೋಗಿ ನಿಂತು ವಾಪಸು ಬರುತ್ತಿದ್ದರು, ಮಳೆಗಾಲ ತಡವಾದಾಗ ನಮ್ಮ ರೈತರು ಮೋಡ ನೋಡುತ್ತಾ ನಿಲ್ಲೋ ಹಾಗೆ. ಕೆರೆ ತಣ್ಣಗಿರೋದರಿಂದ ಇಲ್ಲಿ ವಸಂತವೂ ನಿಧಾನ. ಹೂವು ತಡವಾಗಿ ಬಿಡುತ್ತೆ, ಹಾಗಾಗಿ ಕೊನೆಯ ಇಬ್ಬನಿ ಹೆಪ್ಪಿಗೆ ಸಿಗದೆ ಸೇಬಿನ ಮರಗಳು ಉಳಿಯುತ್ತವೆ. ಅಕ್ಟೋಬರಿನಲ್ಲಿ ಸೇಬಿನ ಜಾತ್ರೆ. ಆ ಮೂರು ದಿನ ಮಾತ್ರ ಊರು ಕಡಲೆಕಾಯಿ ಪರಿಷೆಯ ಬಸವನಗುಡಿ.

ಇರಲಿ, ತಾತನ ಮಾತಿಗೆ ಬರ್ತೀನಿ. ಅಲ್ಲಿ ಚಳಿಯಿಲ್ಲ, ಕೆರೆಯಲ್ಲಿ ಈಗ ನೀರಿಲ್ಲ, ಅದರ ಜಾಗದಲ್ಲಿ ಬಸ್ ಸ್ಟ್ಯಾಂಡ್ ಆಗಿದೆ ಅಂದೆ.

"ಓ. ನೀರು ಎಲ್ಲಿಗೆ ಹೋಯಿತು?"

ಟೀಕೆಯ ದನಿ ಅದಲ್ಲ. ಮನೆ ಬದಲಾಯಿಸಿದ ಪರಿಚಯದವರ ಹೊಸ ವಿಳಾಸ ಕೇಳೋ ಹಾಗೆ ಕೇಳಿದರು. ಅದಕ್ಕೇ ಚುಚ್ಚಿದ್ದು.

ಮಗಳಿಗೆ ಈ ಕೆರೆ ವಿಷಯ ಹೇಳಿದ್ದು ನಮ್ಮಪ್ಪ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ, "ನೀನು ನಿಂತಿದ್ದೀಯಲ್ಲ, ಇಲ್ಲೇ ಧರ್ಮಾಂಬುಧಿ ಕೆರೆ ಇತ್ತು ಪುಟ್ಟಿ, ಕೆಂಪೇಗೌಡರ ಕಾಲದ್ದು," ಅಂತ ಹೆಮ್ಮೆಯಿಂದಲೇ ಹೇಳಿದ್ದರು. ಚಳಿಗಾಲದಲ್ಲಿ ಕೆರೆ ಮೇಲೆ ಓಡಾಡಿ ಬೆಳೆದ ಮಗು. ಕೆರೆ ಇದ್ದ ಕಡೆ ಬಸ್ಸು ಓಡುತ್ತೆ ಅಂದರೆ ಕೆರೆ ಹೋಗಿದೆ ಅಂತ ಅವಳಿಗೆ ಯಾಕೆ ಅನ್ನಿಸಬೇಕು?

ನಾನು ಹುಟ್ಟಿ ಬೆಳೆದದ್ದು ಚನ್ನಮ್ಮನಕೆರೆ ಅಚ್ಚುಕಟ್ಟಿನಲ್ಲಿ. ಬಸ್ಸಿನ ಬೋರ್ಡಿನಲ್ಲಿ ಸಿ.ಕೆ. ಅಚ್ಚುಕಟ್ಟು. ಸ್ಕೂಲ್ ಡೈರಿಯಿಂದ ಪಾಸ್‌ಪೋರ್ಟಿನವರೆಗೆ ಇಪ್ಪತ್ತು ವರ್ಷ ಆ ವಿಳಾಸ ಬರೆದಿದ್ದೇನೆ. ಅಚ್ಚುಕಟ್ಟು ಅಂದರೆ ನೀಟು, ಒಪ್ಪ ಓರಣ ಅಂತಲೇ ತಿಳಿದಿದ್ದೆ. ನಮ್ಮ ಬೀದಿ ಒಂದಿನವೂ ಹಾಗಿರಲಿಲ್ಲ, ಆ ಹೆಸರು ಯಾಕಿಟ್ಟರೋ ಅಂತ ಗೆಳತಿಯರ ಜೊತೆ ನಕ್ಕಿದ್ದೂ ಇದೆ. ಅಚ್ಚುಕಟ್ಟು ಅಂದರೆ ಕೆರೆಯ ತೂಬಿನಿಂದ ನೀರು ಹಾಯುವ ಗದ್ದೆ ಬಯಲು ಅಂತ ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ, ಮಂಡ್ಯದ ಅತ್ತೆಯಿಂದ. "ನೀನು ಗದ್ದೇಲಿ ಬೆಳೆದೋಳು ಕಣವ್ವ," ಅಂದಿದ್ದರು ಅವರು. ಗದ್ದೆಯಿರಲಿ, ಹುಲ್ಲು ಕಂಡಿದ್ದೂ ಎದುರುಮನೆಯವರ ಕುಂಡದಲ್ಲಿ.

ಅಲ್ಲಿಂದ ಬಸ್ಸು ಹತ್ತಿ ಇಳಿಯುತ್ತಿದ್ದದ್ದು ಮೆಜೆಸ್ಟಿಕ್ಕಿನಲ್ಲಿ. ಅಂದರೆ ಒಂದು ಕೆರೆಯ ಗದ್ದೆಯಲ್ಲಿ ಹತ್ತಿ ಇನ್ನೊಂದು ಕೆರೆಯ ಅಂಗಳದಲ್ಲಿ ಇಳಿದು ಕಾಲೇಜಿಗೆ ಹೋಗುತ್ತಿದ್ದೆ. ಜೂನ್ ಮಳೆಗೆ ಪ್ಲಾಟ್‌ಫಾರಂನ ಮುಂದೆ ನೀರು ನಿಂತು, ಒಂದು ಚಪ್ಪಲಿ ತೇಲಿಕೊಂಡು ಹೋಗಿ, ಕಂಡಕ್ಟರು ಅದನ್ನು ಟಿಕೆಟ್ ಪಂಚಿಂಗ್ ಮೆಷೀನಿನ ತುದಿಯಲ್ಲಿ ಎಳೆದುಕೊಟ್ಟಿದ್ದರು. ಪಕ್ಕದಲ್ಲೇ ಟ್ಯಾಂಕ್ ಬಂಡ್ ರಸ್ತೆ. ಕೆರೆ ಏರಿ ಅಂತ ಬೋರ್ಡಿನಲ್ಲೇ ಬರೆದಿದೆ! ಓದಿದ್ದೇನೆ, ಓದಿ ಮುಂದೆ ಹೋಗಿದ್ದೇನೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನೀವು ಅಲ್ಲಿ ನೀರು ನೋಡಿದ್ದೀರಾ ಅಂತ ಕೇಳಿದೆ.

"ಇಲ್ಲಮ್ಮ. ನಾನು ಕಂಡಿದ್ದು ಬರೀ ಸುಭಾಷ್ ನಗರದ ಮೈದಾನ. ಮಳೆಗಾಲದಲ್ಲಿ ನೀರು ನಿಲ್ಲೋದನ್ನ ನೋಡಿದ್ದೆ ಅಂತ ನಮ್ಮಪ್ಪ ಅನ್ನೋರು." ಸ್ವಲ್ಪ ಹೊತ್ತು ಬಿಟ್ಟು, "ಹೆಸರಘಟ್ಟದಿಂದ ನಲ್ಲಿ ನೀರು ಬಂತಲ್ಲ, ಆಮೇಲೆ ಯಾರಿಗೆ ಬೇಕಿತ್ತು ಕೆರೆ?"

ಹೆಸರಘಟ್ಟದ ನೀರು ಊರಿಗೆ ಬಂದದ್ದು 1890ರ ದಶಕದಲ್ಲಿ. ಮನೆಗೆ ಕೊಳಾಯಿ ಬಂದ ಮೇಲೆ ಕೆರೆಯ ಹೂಳು ತೆಗೆಯೋರು ಯಾರು, ಕಾಲುವೆ ಮುಚ್ಚಿಹೋದರೆ ಕೇಳೋರು ಯಾರು. ಆಮೇಲೆ ಒಂದೊಂದೇ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಕರಗಕ್ಕೆ ನೀರು ಬೇಕಲ್ಲ, ಅಂತ ಒಂದು ಮೂಲೆಯಲ್ಲಿ ಚಿಕ್ಕ ಕೊಳ ಉಳಿಸಿದ್ದಾರೆ. ದೇವರ ದಾಕ್ಷಿಣ್ಯಕ್ಕೆ ಅಷ್ಟು. ಇದನ್ನೆಲ್ಲ ಹಾಳು ಮಾಡಿದವರ ಮೇಲೆ ಸಿಟ್ಟು ಬರಬೇಕು ನನಗೆ. ಆದರೆ ಆ ನಲ್ಲಿ ನೀರು ಕುಡಿದು, ಆ ಬಸ್ಸು ಹತ್ತಿ, ಓದಿ, ಇಲ್ಲಿಗೆ ಬಂದವಳು ನಾನೇ.

ಇಲ್ಲಿನವರೇನು ದೇವತೆಗಳಲ್ಲ, ಅದನ್ನೂ ಹೇಳಿಬಿಡಬೇಕು. ನಮ್ಮೂರು ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ ರೆಡ್ ಕ್ಲಿಫ್, ಒಜಿಬ್ವೆ ಜನರ ಮೀಸಲು ಪ್ರದೇಶ. ಈ ಕೆರೆಗೆ ಅವರು ಇಟ್ಟ ಹೆಸರು ಗಿಚಿಗಮಿ, ಅಂದರೆ ಮಹಾಜಲ. ಎದುರಿನ ಆ ದ್ವೀಪ ಅವರ ಪಾಲಿಗೆ ಪುಣ್ಯಕ್ಷೇತ್ರ. 1854ರಲ್ಲಿ ಅದೇ ದ್ವೀಪದಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಉಳಿದಿದ್ದ ನೆಲದ ಬಹುಪಾಲನ್ನೂ ಸರ್ಕಾರ ತೆಗೆದುಕೊಂಡು, ಅವರಿಗೆ ತುಂಡು ತುಂಡು ಜಾಗ ಬಿಟ್ಟುಕೊಟ್ಟಿತು. ಕೆರೆ ಉಳೀತು, ಕೆರೆಯವರು ಸರಿದರು. ಅವರು ನೀರಿಗಿಳಿಯೋ ಮೊದಲು ಚಿಟಿಕೆ ಹೊಗೆಸೊಪ್ಪು ಅರ್ಪಿಸುತ್ತಾರೆ. ಮೊದಲ ಸಲ ನೋಡಿದಾಗ ಅತ್ತೆ ಕೋಡಿ ಬಿದ್ದ ಕೆರೆಗೆ ಬಾಗಿನ ಬಿಟ್ಟದ್ದು ಕಣ್ಣ ಮುಂದೆ ಬಂತು. ಮೊರದಲ್ಲಿ ಅರಿಶಿನ, ಬಳೆ, ಕನ್ನಡಿ. ಸೀರೆ ಸೆರಗು ನೆನೆಯೋವರೆಗೂ ಮೆಟ್ಟಿಲಿಳಿದಿದ್ದರು.

ಮಾರನೆಯ ದಿನ ತಾತನಿಗೆ ಇದನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ನೀರು ಎಲ್ಲಿಗೆ ಹೋಯಿತು ಅನ್ನೋದಕ್ಕೆ ಮಾತ್ರ, ಮಳೆ ಬಂದಾಗ ಓಕಳೀಪುರದ ಅಂಡರ್‌ಪಾಸಿಗೆ ಬರುತ್ತೆ ಅಂದೆ. ಅವರು ಯೋಚಿಸಿ, "ಈ ಕೆರೆಗೆ ಬಿದ್ದ ಹನಿ ಹೊರಗೆ ಹೋಗೋಕೆ ಸುಮಾರು 190 ವರ್ಷ ಬೇಕಂತೆ. ನಿಮ್ಮ ಕೆರೆಗೆ ಅವಸರ ಮಾಡಬೇಡಿ," ಅಂದರು. ಸಮಾಧಾನ ಹೇಳಿದರೋ, ತಮಾಷೆಯೋ, ತಿಳಿಯಲಿಲ್ಲ.

ಈಗ ಏಪ್ರಿಲ್. ಮಂಜು ಒಡೆದು, ಚೂರುಗಳು ದಡಕ್ಕೆ ಬಂದು ಗಾಜಿನ ಬಳೆ ಸುರಿದ ಹಾಗೆ ಸದ್ದು ಮಾಡುತ್ತವೆ. ಮೊನ್ನೆ ದೋಣಿಯ ಹಾರ್ನು ಕೇಳಿ ಊರಿಗೆ ಊರೇ ಕಟ್ಟೆಗೆ ಬಂದು ನಿಂತಿತ್ತು. ಮಗಳು ಹೋಗಲಿಲ್ಲ. ಟೇಬಲ್ ಮೇಲೆ ಕವಿದುಕೊಂಡು ಚಿತ್ರ ಬರೆಯುತ್ತಿದ್ದಳು, ಬೆಂಗಳೂರಿನ ತಾತನಿಗೆ ಕಳಿಸೋಕೆ. ಮೆಜೆಸ್ಟಿಕ್. ಬಸ್ಸುಗಳ ಮೇಲೆ ನಂಬರು, ಒಂದಕ್ಕೆ ಕಷ್ಟಪಟ್ಟು ಕನ್ನಡದಲ್ಲಿ 'ಅಚ್ಚುಕಟ್ಟು', ಒತ್ತಕ್ಷರ ತಪ್ಪಿದೆ. ಎರಡೂ ಬದಿಗೆ ಸಾಲಾಗಿ ಕ್ರಿಸ್‌ಮಸ್ ಮರಗಳು.

"ಮರ ಯಾಕೆ ಪುಟ್ಟಿ?"

"ಬಸ್ಸಿಗೆ ದಾರಿ ಗೊತ್ತಾಗಬೇಕಲ್ಲಮ್ಮ."

ಚಕ್ರಗಳ ಕೆಳಗೆ ಕಾಗದದ ತುದಿಯವರೆಗೂ ನೀಲಿ ಬಳಿದಿದ್ದಳು. ಆ ಬಣ್ಣದ ಕ್ರೇಯಾನು ಬೆರಳಿಗೆ ಸಿಗದಷ್ಟು ಸವೆದುಹೋಗಿತ್ತು, ಹೊಸದು ಬೇಕಂತೆ.