ದೊರೆಯನ್ನು ಹಂಗಿಸಲು ಪೋಲಿ ಮಾತೇ ಬೇಕೇನ್ರಿ?

ಆಟ ಮುಗಿದ ಮರುದಿನ ಮುಂಜಾನೆ ಚಹಾದಂಗಡಿ ಮುಂದೆ ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಕೇಳುತ್ತಾರೆ. ಗದಗದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರರೇ ಕೇಳಿದರು. ‘ಆಟ ಛಲೋ ಆತ್ರಿ ಮಾಸ್ತರ. ಆದ್ರ ರಾಜಾನ್ನ ಬೈಯಾಕ ಅಷ್ಟು ಪೋಲಿ ಮಾತು ಯಾಕ ಬೇಕಿತ್ರಿ? ಸಭ್ಯವಾಗಿ ಹೇಳಾಕ ಬರೂದಿಲ್ಲೇನು?’

ಕೇಳುವವರಲ್ಲಿ ಹೆಚ್ಚಿನವರು ನಮ್ಮ ಮೇಲೆ ಪ್ರೀತಿ ಇಟ್ಟವರು. ಹಾಗಾಗಿ ಈ ಪ್ರಶ್ನೆಗೆ ನಿಂತ ಕಾಲಿನಲ್ಲಿ ಉತ್ತರ ಕೊಟ್ಟು ಹೋಗುವುದು ನನಗೆ ಸರಿ ಅನಿಸುವುದಿಲ್ಲ. ಒಂದು ಸಲ ಕೂತು ಬರೆದುಬಿಡುತ್ತೇನೆ.

ನಾವು ಆಡುತ್ತಿರುವುದು ‘ಹಾಸ್ಯಾರ್ಣವ’. ಜಗದೀಶ್ವರನೆಂಬ ಕವಿ ಸಂಸ್ಕೃತದಲ್ಲಿ ಬರೆದ ಎರಡು ಅಂಕದ ಪ್ರಹಸನ. ಅದನ್ನು ನಾನು ನಮ್ಮ ಕಡೆಯ ಮಾತಿಗೆ ತಂದು, ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟದ ಮಟ್ಟಿಗೆ ಕೂಡಿಸಿದ್ದೇನೆ. ಅದರ ದೊರೆಯ ಹೆಸರು ಅನಯಸಿಂಧು, ಅಂದರೆ ದುರ್ನೀತಿಯ ಸಮುದ್ರ. ರಾಜ್ಯದಲ್ಲಿ ಎಲ್ಲ ಕೆಟ್ಟುಹೋಗಿದೆ ಎಂದು ಅವನಿಗೆ ಚಿಂತೆ. ಏನು ಕೆಟ್ಟಿದೆ? ಹೆಂಡಂದಿರು ಗಂಡಂದಿರಿಗೆ ನಿಷ್ಠೆಯಿಂದಿದ್ದಾರೆ, ಗಂಡಂದಿರು ಹೆಂಡಂದಿರಿಗೆ ನಿಷ್ಠೆಯಿಂದಿದ್ದಾರೆ, ಒಳ್ಳೆಯವರಿಗೆ ಮರ್ಯಾದೆ ಸಿಗುತ್ತಿದೆ! ಪ್ರಜೆಗಳ ನಡತೆ ತಿಳಿಯಲು ಯಾವ ಜಾಗ ಯೋಗ್ಯ ಎಂದು ಮಂತ್ರಿಯನ್ನು ಕೇಳಿದರೆ ಅವನು ತೋರಿಸುವುದು ಬಂಧುರೆ ಎಂಬ ಕುಂಟಣಿಯ ಮನೆಯನ್ನು. ಆಸ್ಥಾನವೆಲ್ಲ ಎದ್ದು ಅಲ್ಲಿಗೆ ಹೋಗುತ್ತದೆ. ರಾಜಗುರು ಶಿಷ್ಯನ ಸಮೇತ ಬರುತ್ತಾನೆ. ವೈದ್ಯನ ಹೆಸರು ವ್ಯಾಧಿಸಿಂಧು. ಅವನ ಮದ್ದು ರೋಗಕ್ಕಿಂತ ಕೆಟ್ಟದ್ದು, ಕೊನೆಗೆ ಅವನೇ ಓಡಿಹೋಗಬೇಕಾಗುತ್ತದೆ. ಕೊತವಾಲ ಸಾಧುಹಿಂಸಕ ಬಂದು, ಪಟ್ಟಣ ಪೂರ್ತಿ ಕಳ್ಳರ ಕೈಯಲ್ಲಿದೆ ಎಂದು ಸಂತೋಷದಿಂದ ವರದಿ ಒಪ್ಪಿಸುತ್ತಾನೆ. ಸೇನಾಪತಿ ರಣಜಂಬುಕ, ಹೆಸರಿನಲ್ಲೇ ನರಿ, ಮೈತುಂಬ ಕವಚ ತೊಟ್ಟು ಒಂದು ಜಿಗಣಿಯನ್ನು ಎರಡು ತುಂಡು ಮಾಡಿದ ಶೂರ. ಜೋಯಿಸನನ್ನು ಪ್ರಯಾಣಕ್ಕೆ ಮುಹೂರ್ತ ಕೇಳಿದರೆ ಸಾಯುವ ಗಳಿಗೆ ತೆಗೆದುಕೊಡುತ್ತಾನೆ. ಇವರೆಲ್ಲರ ನಡುವೆ ಬಂಧುರೆಯ ಮಗಳು ಮೃಗಾಂಕಲೇಖೆ. ಎಲ್ಲರ ಕಣ್ಣೂ ಅವಳ ಮೇಲೆ.

ಸಭ್ಯವಾಗಿ ಹೇಳಲು ಬರುವುದಿಲ್ಲವೇ ಅಂದರೆ, ಬರುತ್ತದೆ. ನಮ್ಮ ಗದಗಿನಲ್ಲೇ ಬಂದಿದೆ. ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನೆಂದು ನಾವೆಲ್ಲ ನಂಬುವ ಕುಮಾರವ್ಯಾಸ, ಸಭಾಪರ್ವದಲ್ಲಿ ನಾರದನ ಬಾಯಿಂದ ಧರ್ಮರಾಯನಿಗೆ ಹೇಳಿಸುತ್ತಾನೆ: ಅರಸು ರಾಕ್ಷಸನಾಗಿ, ಮಂತ್ರಿ ಹುಲಿಯಾಗಿ, ಪರಿವಾರ ಹದ್ದಿನ ಹಿಂಡಾದರೆ ಬಡವರ ಅಹವಾಲನ್ನು ಕೇಳುವವರು ಯಾರು ಎಂದು. ಇದಕ್ಕಿಂತ ಗಟ್ಟಿಯಾದ ಮಾತನ್ನು ಯಾವ ಆಸ್ಥಾನದ ಬಗ್ಗೆಯೂ ನಾನು ಕೇಳಿಲ್ಲ. ಗಮಕಿಗಳು ಓದುವಾಗ ಮೈ ಜುಮ್ಮೆನ್ನುತ್ತದೆ.

ಆದರೆ ಆ ಮಾತಿನಲ್ಲಿ ದೊರೆ ರಾಕ್ಷಸ. ರಾಕ್ಷಸ ದೊಡ್ಡವನು. ಹುಲಿ, ಹದ್ದು ಅಂದರೂ ಅಂಜಿಕೆಯೇ. ಕೇಳಿದವನಿಗೆ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಹೆದರಿಕೆಯೂ ಬರುತ್ತದೆ, ಮನೆಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಾನೆ. ಜಿಗಣಿ ಕೊಯ್ದ ಸೇನಾಪತಿಗೆ ಯಾರು ಹೆದರುತ್ತಾರೆ? ಕುಂಟಣಿಯ ಹೊಸ್ತಿಲಲ್ಲಿ ಕಿರೀಟ ತಾಗಿಸಿಕೊಂಡು, ನಾನು ಮೊದಲು ನೀನು ಮೊದಲು ಎಂದು ರಾಜಗುರುವಿನ ಜೊತೆ ಒತ್ತಾಡುವ ಅನಯಸಿಂಧುವಿಗೆ ಯಾರು ಹೆದರುತ್ತಾರೆ? ಪೋಲಿ ಮಾತು ದೊರೆಯನ್ನು ಒಬ್ಬ ಗಂಡಸಿನ ಅಳತೆಗೆ ಇಳಿಸುತ್ತದೆ. ಅವನಿಗೂ ಹೊಟ್ಟೆ ಇದೆ, ಬೆವರು ಇದೆ, ಆಸೆ ಇದೆ, ಅದೂ ನಮ್ಮೆಲ್ಲರಿಗಿಂತ ಹರಕು ಆಸೆ. ಇದನ್ನು ಸಭ್ಯ ಮಾತಿನಲ್ಲಿ ಹೇಳಿದರೆ ಅದು ಬರೀ ಸುದ್ದಿ. ಆಟದ ಅಟ್ಟದ ಮೇಲೆ, ಅಂದರೆ ರಂಗದ ಮೇಲೆ, ಮಾಡಿ ತೋರಿಸಿದರೆ ಊರು ಕೂಡಿ ನಗುತ್ತದೆ, ನಗುತ್ತಿರುವಾಗ ಪಕ್ಕದವನೂ ನಗುತ್ತಿದ್ದಾನೆ ಎಂದು ಪ್ರತಿಯೊಬ್ಬನಿಗೂ ಗೊತ್ತಾಗುತ್ತದೆ. ಹೆದರಿಕೆ ಒಡೆಯುವುದು ಅಲ್ಲಿ.

ನಮ್ಮ ದೊಡ್ಡಾಟದಲ್ಲಿ ಪಾತ್ರಗಳನ್ನು ಮಾತಾಡಿಸುತ್ತ ಜನರನ್ನು ನಗಿಸುವ ಸಾರಥಿ ಈ ಕೆಲಸವನ್ನು ಯಾವ ಸಂಸ್ಕೃತ ಕವಿಯಿಂದಲೂ ಕಲಿಯಲಿಲ್ಲ. ದೊರೆ ಭುಜಕೀರ್ತಿ ಕಟ್ಟಿ, ಎದೆಕಟ್ಟು ಬಿಗಿದು, ಅಟ್ಟ ನಡುಗುವಂತೆ ಕುಣಿದು ಬಂದು ನಿಂತರೆ ಸಾರಥಿ ಕೇಳುವ ಮೊದಲ ಮಾತೇ ‘ಯಾರ್ರೀ ನೀವು?’ ರಾಜ್ಯದ ಒಡೆಯ ತನ್ನ ಹೆಸರು, ಊರು, ಪರಾಕ್ರಮ ಎಲ್ಲವನ್ನೂ ಒಬ್ಬ ಸೇವಕನ ಮುಂದೆ ಒದರಬೇಕು. ಒದರಿದ್ದಕ್ಕೆಲ್ಲ ಸಾರಥಿ ಒಂದೊಂದು ಕೊಂಕು ಸೇರಿಸುತ್ತಾನೆ. ಹಾವೇರಿ ಕಡೆ ಒಂದು ಊರಿನಲ್ಲಿ ಕಂಡದ್ದು ಹೇಳುತ್ತೇನೆ. ದೊರೆಯ ಪಾರ್ಟಿನವನಿಗೆ ಕವಚದ ಒಳಗೆ ಬೆನ್ನು ತುರಿಸತೊಡಗಿತು. ಕಟ್ಟಿದ ವೇಷ, ಕೈ ಹಿಂದಕ್ಕೆ ಹೋಗುವುದಿಲ್ಲ. ‘ಛಪ್ಪನ್ನಾರು ದೇಶದ ಅರಸು’ ಎನ್ನುತ್ತ ಮೈ ಹೊಸೆಯುತ್ತಿದ್ದ. ಸಾರಥಿಗೆ ತಿಳಿಯಿತು. ಕೈಯಲ್ಲಿದ್ದ ಕೋಲನ್ನು ದೊರೆಯ ಬೆನ್ನಿಗೆ ತೂರಿಸಿ ನಿಧಾನಕ್ಕೆ ಕೆರೆಯುತ್ತ, ‘ಛಪ್ಪನ್ನಾರು ದೇಶದಾಗ ಇದೊಂದ ಊರು ಕೈಗೆ ಸಿಗವೊಲ್ದು ನೋಡ್ರಿ’ ಎಂದ. ಕೋಲು ಇನ್ನೂ ಸ್ವಲ್ಪ ಕೆಳಗೆ ಹೋಯಿತು. ಮದ್ದಳೆಯವನು ಬಾರಿಸುವುದನ್ನೇ ಬಿಟ್ಟ. ನನ್ನ ಮುಂದೆ ಕೂತಿದ್ದ ಮುದುಕಿಯೊಬ್ಬರು ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ರಾತ್ರಿಯೇ ನಾನು ಹಾಸ್ಯಾರ್ಣವವನ್ನು ದೊಡ್ಡಾಟಕ್ಕೆ ಕೂಡಿಸಬೇಕೆಂದು ನಿಶ್ಚಯ ಮಾಡಿದ್ದು. ಈಗ ನಮ್ಮ ಆಟದಲ್ಲಿ ಸಾರಥಿಯದೇ ಯಜಮಾನಿಕೆ.

ಇನ್ನು ‘ಅಶ್ಲೀಲ’ ಎಂಬ ಮಾತಿಗೆ ಬರುತ್ತೇನೆ. ಆ ಮಾತನ್ನು ಯಾರು, ಯಾವಾಗ ಆಡುತ್ತಾರೆ ಎಂದು ನೋಡಬೇಕು. 1875ರ ಕೊನೆಗೆ ಬ್ರಿಟನ್ನಿನ ಯುವರಾಜ ಕಲ್ಕತ್ತೆಗೆ ಬಂದ. ಜಗದಾನಂದ ಮುಖರ್ಜಿ ಎಂಬ ದೊಡ್ಡ ವಕೀಲರು ಅವನನ್ನು ತಮ್ಮ ಮನೆಯ ಹೆಂಗಸರ ಅಂತಃಪುರದೊಳಗೆ ಕರೆದು ಸತ್ಕಾರ ಮಾಡಿಸಿದರು. ಊರಿಗೆ ಊರೇ ಕೆರಳಿತು. 1876ರ ಫೆಬ್ರುವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ‘ಗಜದಾನಂದ ಮತ್ತು ಯುವರಾಜ’ ಎಂಬ ಪ್ರಹಸನ ಆಡಿದರು. ಪೊಲೀಸರು ನಿಲ್ಲಿಸಿದರು. ಕಂಪನಿಯವರು ಹೆಸರು ಬದಲಿಸಿ ಮತ್ತೆ ಆಡಿದರು. ಹಾಗ್ ಎಂಬ ಪೊಲೀಸ್ ಕಮಿಷನರ್, ಲ್ಯಾಂಬ್ ಎಂಬ ಸೂಪರಿಂಟೆಂಡೆಂಟ್ ಇಬ್ಬರನ್ನೂ ಅವರ ಇಂಗ್ಲಿಷ್ ಹೆಸರಿಗೆ ತಕ್ಕಂತೆ ಹಂದಿ, ಕುರಿ ಮಾಡಿ ಇನ್ನೊಂದು ಪ್ರಹಸನವನ್ನೂ ಕಟ್ಟಿದರು. ಅದೇ ತಿಂಗಳ 29ರಂದು ವೈಸರಾಯ್ ನಾರ್ತ್‌ಬ್ರೂಕ್ ಇಂಥ ಆಟಗಳನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿದ.

ಮುಂದಿನದು ಮುಖ್ಯ. ಮಾರ್ಚಿನಲ್ಲಿ ಕಂಪನಿಯವರನ್ನು ಹಿಡಿದದ್ದು ಯುವರಾಜನನ್ನು ಹಂಗಿಸಿದ್ದಕ್ಕಲ್ಲ. ಅದಕ್ಕೂ ಮೊದಲೇ ರಂಗಕ್ಕೆ ಬಂದಿದ್ದ ‘ಸುರೇಂದ್ರ ವಿನೋದಿನಿ’ ಎಂಬ ನಾಟಕ ಅಶ್ಲೀಲ ಎಂಬ ಆರೋಪದ ಮೇಲೆ. ಆ ನಾಟಕದಲ್ಲಿ ಇಂಗ್ಲಿಷ್ ಮ್ಯಾಜಿಸ್ಟ್ರೇಟನೊಬ್ಬ ಹೆಣ್ಣುಮಗಳ ಮೇಲೆ ಕೈಮಾಡುವ ದೃಶ್ಯವಿತ್ತು. ಉಪೇಂದ್ರನಾಥ ದಾಸ್, ಅಮೃತಲಾಲ್ ಬಸು ಇಬ್ಬರಿಗೂ ಒಂದು ತಿಂಗಳ ಸಜೆಯಾಯಿತು. ಹೈಕೋರ್ಟು ಆ ಸಜೆಯನ್ನು ರದ್ದು ಮಾಡಿತು. ವರ್ಷ ಮುಗಿಯುವುದರೊಳಗೆ ನಾಟಕ ಪ್ರದರ್ಶನ ಕಾಯ್ದೆಯೇ ಬಂತು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾದ ಮೇಲೆ, 2018ರಲ್ಲಿ, ಕೇಂದ್ರದ ಆ ಕಾಯ್ದೆಯನ್ನು ರದ್ದು ಮಾಡಿದರು.

‘ನಮ್ಮನ್ನು ಅಣಕಿಸಿದರು’ ಎಂದು ದೂರು ಕೊಡಲು ಅಧಿಕಾರಕ್ಕೆ ನಾಚಿಕೆ. ಆಗ ಅದು ಮನೆಯ ಹೆಣ್ಣುಮಕ್ಕಳ ಮರ್ಯಾದೆಯ ಹೆಸರು ಹೇಳುತ್ತದೆ. ನನಗೂ ಇದು ಆಗಿದೆ. ಒಂದು ಸಭಾಭವನದವರು ಮೊದಲು ಒಪ್ಪಿ, ಹಸ್ತಪ್ರತಿ ತರಿಸಿಕೊಂಡು, ಹದಿನೈದು ದಿನ ಇಟ್ಟುಕೊಂಡು, ‘ಅಶ್ಲೀಲವಾಗಿದೆ’ ಎಂದು ಒಂದು ಸಾಲು ಬರೆದು ಹಿಂದಕ್ಕೆ ಕಳಿಸಿದರು. ನಾನು ಹಾಳೆ ತಿರುವಿ ನೋಡಿದೆ. ಕೆಂಪು ಪೆನ್ಸಿಲಿನಿಂದ ಗೆರೆ ಹೊಡೆದಿದ್ದರು. ಬಂಧುರೆಯ ಮಾತುಗಳ ಕೆಳಗೆ ಒಂದೂ ಗೆರೆಯಿಲ್ಲ. ಸಾರಥಿ ಕೋಲಿನಿಂದ ಕೆರೆಯುವಲ್ಲಿಯೂ ಇಲ್ಲ. ಗೆರೆ ಬಿದ್ದದ್ದು ಕೊತವಾಲನ ವರದಿಯ ಕೆಳಗೆ, ಎರಡೆರಡು ಸಲ, ಹಾಳೆ ಹರಿಯುವಷ್ಟು ಒತ್ತಿ. ಆ ಹಾಳೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಹಾಗಂತ ಪೋಲಿ ಮಾತೆಲ್ಲ ಸರಿ ಎಂದು ನಾನು ಒಪ್ಪುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಒಂದು ಸತ್ಯವಿದೆ, ಅದನ್ನು ತಾಲೀಮಿನಲ್ಲಿ ನಾನೂ ಅನುಭವಿಸಿದ್ದೇನೆ. ಮಾತು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಮೂಲದಲ್ಲಿ ದೊರೆಯ ದೂರುಗಳ ಪಟ್ಟಿಯಲ್ಲಿ ಇನ್ನೊಂದಿದೆ: ಚಪ್ಪಲಿಯನ್ನು ಬ್ರಾಹ್ಮಣರು ಹೊಲಿಯಬೇಕಿತ್ತು, ಚಂಡಾಲರು ಹೊಲಿಯುತ್ತಿದ್ದಾರೆ ಎಂದು. ದೊರೆಯ ತಲೆ ತಿರುಗಿದೆ ಎಂದು ತೋರಿಸುವ ಮಾತು ಅದು, ಓದುವಾಗ ಕೂಡುತ್ತದೆ. ಆದರೆ ನಮ್ಮ ಊರುಗಳಲ್ಲಿ ಚಪ್ಪಲಿ ಹೊಲಿಯುವ ಮನೆತನದವರು ಮಕ್ಕಳನ್ನು ಕರೆದುಕೊಂಡು ಬಂದು ಎದುರಿಗೇ ಕೂತಿರುತ್ತಾರೆ. ಆ ಶಬ್ದ ಬಾಯಿಂದ ಬಂದ ಕೂಡಲೇ ನಗೆ ದೊರೆಯನ್ನು ಬಿಟ್ಟು ಅವರ ಮೇಲೆ ಬೀಳುತ್ತದೆ. ತೆಗೆದುಹಾಕಿದೆ. ತೆಗೆದದ್ದಕ್ಕೆ ಆಟದ ಕಸುವು ಏನೂ ಕಡಿಮೆಯಾಗಿಲ್ಲ.

ನಿಜವಾದ ಕಷ್ಟ ಎರಡನೆಯ ಅಂಕದ್ದು. ದೊರೆ ಮೊದಲ ಅಂಕಕ್ಕೇ ಮಾಯವಾಗುತ್ತಾನೆ. ಆಮೇಲೆ ಉಳಿಯುವುದು ಇಬ್ಬರು ಗುರುಗಳು, ಇಬ್ಬರು ಶಿಷ್ಯರು, ನಡುವೆ ಮೃಗಾಂಕಲೇಖೆಗಾಗಿ ಎಳೆದಾಟ. ಕೊನೆಗೆ ಮುದುಕರಿಬ್ಬರೂ ಹುಡುಗಿಯನ್ನು ಹಂಚಿಕೊಳ್ಳುತ್ತಾರೆ, ಹುಡುಗರು ಬಂಧುರೆಯನ್ನು. ಮದುವೆ ಮಾಡಿಸಲು ಬಂದ ಮಹಾನಿಂದಕನಿಗೂ ಪಾಲು ಬೇಕು. ಕಾವಿಯ ಸೋಗನ್ನು ಬಯಲು ಮಾಡುವ ಜಾಗ ಇದು, ಕವಿ ಅಂಜಿಲ್ಲ. ಆದರೆ ಅಷ್ಟೂ ಹೊತ್ತು ಪೋಲಿತನವೆಲ್ಲ ಆ ಒಬ್ಬ ಹುಡುಗಿಯ ಮೈಮೇಲೆ ಹರಿದಾಡುತ್ತದೆ. ಪಾರ್ಟು ಮಾಡುವ ವಿದ್ಯಾರ್ಥಿನಿ ಮೂರನೇ ದಿನದ ತಾಲೀಮಿನಲ್ಲಿ ನನ್ನನ್ನು ಕೇಳಿದಳು: ‘ಸರ್, ಇವ್ರು ಇಷ್ಟೆಲ್ಲಾ ಮಾತಾಡೂ ಮಟಾ ನಾ ಏನ್ ಮಾಡ್ಲಿ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡು ವಾರ ಆ ಅಂಕವನ್ನು ಮುಟ್ಟದೆ ಇಟ್ಟೆವು.

ಕೊನೆಗೆ ದಾರಿ ಕಂಡದ್ದು ಅವಳಿಗೇ. ಈಗ ನಮ್ಮ ಆಟದಲ್ಲಿ ಅಂತರಪಟ ಹಿಡಿಯುತ್ತಾರೆ. ಆ ಕಡೆ ಗುರುಗಳಿಬ್ಬರೂ ಬಾಸಿಂಗ ಕಟ್ಟಿಕೊಂಡು, ಮಹಾನಿಂದಕನ ಜೊತೆ ಪಾಲಿನ ಜಗಳ ಹಚ್ಚಿದ್ದಾರೆ. ಈ ಕಡೆ ಮೃಗಾಂಕಲೇಖೆ ದಂಡೆ ಬಿಚ್ಚಿ, ಕಾಲ್ಗೆಜ್ಜೆ ಬಿಚ್ಚಿ ಸಾರಥಿಯ ಕೈಗೆ ಕೊಡುತ್ತಾಳೆ. ಅಟ್ಟದ ಮುಂದಿನಿಂದ ಇಳಿದು, ಕೂತ ಜನರ ನಡುವೆ ಹಾಯ್ದು ಹೋಗುತ್ತಾಳೆ. ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಅವಳಿಗೆ ದಾರಿ ಬಿಡುತ್ತಾರೆ. ಮಂತ್ರ ನಡೆದೇ ಇರುತ್ತದೆ, ಅಕ್ಷತೆ ಬೀಳುತ್ತಿರುತ್ತದೆ, ಮ್ಯಾಳದವರು ಬಾರಿಸುತ್ತಲೇ ಇರುತ್ತಾರೆ, ಅಂತರಪಟದ ಹಿಂದಿನವರಿಗೆ ಇನ್ನೂ ಗೊತ್ತಾಗಿರುವುದಿಲ್ಲ.